ದಿಂಬಿನಡಿಯ ಬೀಡಿಕಟ್ಟು

ಒಂದು ಬೀಡಿಕಟ್ಟಿನಿಂದಾಗಿ ನನ್ನನ್ನು ಹಾಸ್ಟೆಲಿನಿಂದ ಮನೆಗೆ ಕಳಿಸುವವರಿದ್ದರು. ಆ ಕಥೆಗೆ ಬರುತ್ತೇನೆ, ಸ್ವಲ್ಪ ಕಾಯಿರಿ. ಆಗ ನನಗೆ ಹತ್ತು ವರ್ಷ. ನಾನು ಬೀಡಿ ಸೇದಿದವಳಲ್ಲ, ಅದೊಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ! ಆದರೆ ನೇರವಾಗಿ ಅಲ್ಲಿಗೇ ಹೋದರೆ ನಿಮಗೆ ನಗು ಬಂದೀತೇ ಹೊರತು ನನ್ನ ಅಮ್ಮ ಅರ್ಥವಾಗುವುದಿಲ್ಲ. ಅದಕ್ಕೆ ಮೊದಲು ನರಿಕೊಂಬಿನ ನಮ್ಮ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ನಮ್ಮದು ಬೀಡಿ ಕಟ್ಟುವ ಮನೆ. ಒಂದು ಜಗಲಿ, ಒಂದು ಕೋಣೆ, ಹೊಗೆ ಹಿಡಿದ ಒಂದು ಅಡುಗೆಮನೆ. ಅಪ್ಪ ಮುಂಬೈಯ ಯಾವುದೋ ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆಗಿದ್ದರು, ವರ್ಷಕ್ಕೊಮ್ಮೆ ಬರುವವರು. ಹಾಗಾಗಿ ಮನೆಯಲ್ಲಿ ಇದ್ದದ್ದು ಅಜ್ಜಿ, ಅಂದರೆ ಅಪ್ಪನ ಅಮ್ಮ, ಮತ್ತೆ ಅಮ್ಮ, ಮತ್ತೆ ನಾನು. ಕೋಣೆಯೊಳಗೆ ನಾವು ಮಲಗಲು ಹೋಗುತ್ತಿದ್ದೆವು ಅಷ್ಟೇ, ಬದುಕಿದ್ದೆಲ್ಲ ಜಗಲಿಯಲ್ಲಿ. ಬೆಳಿಗ್ಗೆ ಗಂಜಿ ಕುಡಿದು ಬಟ್ಟಲು ತೊಳೆದಿಟ್ಟ ಕೂಡಲೇ ಅಮ್ಮ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ಮಡಿಲಲ್ಲಿ ಮೊರದಂಥ ಗೆರಸೆ ಇಟ್ಟುಕೊಂಡು ಕೂರುತ್ತಿದ್ದಳು. ಒದ್ದೆ ಗೋಣಿಯೊಳಗಿಂದ ನೆನೆದ ಎಲೆ ತೆಗೆಯುವುದು, ತಗಡಿನ ಅಚ್ಚು ಇಟ್ಟು ಕತ್ತರಿಸುವುದು, ಒಂದು ಚಿಟಿಕೆ ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತುವುದು, ನೂಲು ಬಿಗಿಯುವುದು. ರೇಡಿಯೋ ಕೇಳುತ್ತಾ, ಅಜ್ಜಿಯೊಡನೆ ಜಗಳವಾಡುತ್ತಾ, ಅಂಗಳಕ್ಕೆ ಬಂದ ಕೋಳಿಗೆ ಬೈಯುತ್ತಾ ಇದ್ದರೂ ಅವಳ ಕೈ ನಿಲ್ಲುತ್ತಿರಲಿಲ್ಲ. ಕೊನೆಯ ಕೆಲಸ ಬೀಡಿಯ ಬಾಯಿ ಮಡಚುವುದು, ಅಂದರೆ ತುದಿಯ ಎಲೆಯನ್ನು ಉಗುರಿನಿಂದ ಒಳಕ್ಕೆ ಒತ್ತಿ ಮುಚ್ಚುವುದು. ನಮ್ಮ ಕಡೆ ಅದು ಮಕ್ಕಳ ಪಾಲಿಗೆ ಬರುವ ಕೆಲಸ. ನನಗೆ ಕಲಿಸಿದವಳು ಅಜ್ಜಿ. ಅಮ್ಮ ಮೊದಮೊದಲು ಮುಟ್ಟಬೇಡ, ಹೋಗಿ ಓದು ಎಂದು ಗದರುತ್ತಿದ್ದಳು. ಆಮೇಲೆ ಬೀಡಿಯನ್ನು ಬ್ರಾಂಚಿಗೆ, ಅಂದರೆ ಕಂಪನಿಯವರು ಬೀಡಿ ತೆಗೆದುಕೊಳ್ಳುವ ಅಂಗಡಿಗೆ, ಒಪ್ಪಿಸುವ ಹೊತ್ತು ಹತ್ತಿರವಾದಾಗ ಗೆರಸೆಯನ್ನು ಅವಳೇ ಒಂದಿಷ್ಟು ನನ್ನ ಕಡೆ ಜರುಗಿಸುತ್ತಿದ್ದಳು. ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಆ ಜರುಗಿಸುವುದು ನನಗೆ ಎಷ್ಟು ಇಷ್ಟವಿತ್ತೆಂದರೆ, ಅದಕ್ಕಾಗಿ ಶಾಲೆಯಿಂದ ಓಡಿ ಬರುತ್ತಿದ್ದೆ. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಆ ಹೊತ್ತಿನಲ್ಲಿ. ಟೀಚರ್ ಯಾರಿಗೆ ಹೊಡೆದರು, ಮಧ್ಯಾಹ್ನದ ಸಾಂಬಾರಿನಲ್ಲಿ ಏನಿತ್ತು, ಎಲ್ಲ ನಾನು ಹೇಳಿದ್ದು ಬೀಡಿಯ ಬಾಯಿ ಮಡಚುತ್ತಲೇ. ಮಾತೆಲ್ಲ ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಪಕ್ಕದ ಮನೆಯ ಲೀಲಕ್ಕ ಜಗಲಿಯಲ್ಲಿ ಬಂದು ಕೂತಳು. ಅವಳೂ ಬೀಡಿ ಕಟ್ಟುವವಳೇ. ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ ಹೇಳಿದಳು:

"ಯಮುನಕ್ಕ, ಇದೆಂತ ಕೈ ಮಾರಾಯ್ರೆ ನಿಮ್ಮ ಮಗಳದ್ದು! ಮೆಷಿನು! ನೋಡ್ತಾ ಇರಿ, ಎಸ್ಸೆಸ್ಸೆಲ್ಸಿ ಆಗುವಾಗ ನಿಮ್ಮನ್ನೇ ಹಿಂದೆ ಹಾಕ್ತಾಳೆ."

"ನನ್ನ ಪುಳ್ಳಿ ಅಲ್ವಾ," ಎಂದಳು ಅಜ್ಜಿ, ಎಲೆಯಡಿಕೆ ಜಗಿಯುತ್ತಾ. ಪುಳ್ಳಿ ಎಂದರೆ ಮೊಮ್ಮಗಳು.

ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಅಮ್ಮನ ಕತ್ತರಿ ನಿಂತಿತು. ಅದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಬಲಗೈಯ ಹೆಬ್ಬೆರಳನ್ನು ಎಳೆದು ನೋಡಿದಳು. ಉಗುರಿನ ಬುಡದಲ್ಲಿ ಹೊಗೆಸೊಪ್ಪಿನ ಹಳದಿ ಕೂತಿತ್ತು. ಆ ವಾರವೇ ಶಾಲೆಗೆ ಹೋಗಿ ನಮ್ಮ ಟೀಚರನ್ನು ಕಂಡು, ಮೂಡುಬಿದಿರೆಯ ಒಂದು ಶಾಲೆಯ ಹಾಸ್ಟೆಲಿಗೆ ಅರ್ಜಿ ತುಂಬಿಸಿ ಬಂದಳು. ಪರೀಕ್ಷೆ ಬರೆದೆ, ಸೀಟು ಸಿಕ್ಕಿತು. ಮನೆಯಲ್ಲಿ ರಂಪಾಟ ಶುರುವಾಯಿತು.

"ಹೆಣ್ಣುಮಗುವನ್ನು ಅಷ್ಟು ಸಣ್ಣದರಲ್ಲಿ ಯಾರಾದರೂ ಬಿಡ್ತಾರಾ? ಇಲ್ಲಿ ಊಟ ಇಲ್ವಾ ಅದಕ್ಕೆ?" ಅಜ್ಜಿ ಕೇಳಿದಳು.

"ಊಟ ಉಂಟು ಅತ್ತೆ. ಗೆರಸೆಯೂ ಉಂಟು. ಅದೇ ತೊಂದರೆ."

"ನಾನು ಬೀಡಿ ಕಟ್ಟಿಯೇ ನಿನ್ನ ಗಂಡನನ್ನು ಸಾಕಿದ್ದು. ಬೀಡಿಗೆ ಎಂತ ಆಗಿದೆ?"

"ಬೀಡಿಗೆ ಎಂತ ಆಗ್ಲಿಲ್ಲ. ನಿಮ್ಮ ಸೊಂಟಕ್ಕೆ ಆಗಿದೆ. ನನ್ನ ಕೆಮ್ಮು ಕೇಳ್ತದಲ್ಲ ನಿಮಗೆ?"

ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿನಗೆ ಹೇಗೆ ಸರಿ ಕಾಣ್ತದೋ ಹಾಗೆ ಮಾಡು. ಮತ್ತೆ ಅತ್ತುಕೊಂಡು ನನಗೆ ಫೋನ್ ಮಾಡ್ಬೇಡ." ಅಮ್ಮ ಫೋನ್ ಇಟ್ಟು, "ಇವರಿಗೇನು, ದೂರದಲ್ಲಿದ್ದು ಅಭ್ಯಾಸ ಆಗಿದೆ," ಎಂದು ಗೊಣಗಿದಳು.

ಈಗ ಕೂತು ಯೋಚಿಸಿದರೆ ಆ ಎರಡು ತಿಂಗಳು ಅಮ್ಮ ಇಬ್ಬರಾಗಿದ್ದಳು ಅನಿಸುತ್ತದೆ. ಪಾಣೆಮಂಗಳೂರಿಗೆ ಹೋಗಿ ನೀಲಿ ಟ್ರಂಕು ತಂದವಳು ಅವಳೇ. ಮಾರನೇ ದಿನ ಅದರ ಬೀಗ ಸರಿ ಇಲ್ಲ, ವಾಪಸ್ ಕೊಟ್ಟುಬಿಡುವ ಎಂದವಳೂ ಅವಳೇ. ಬೀಗ ಸರಿಯಾಗಿಯೇ ಇತ್ತು. ಹಾಸ್ಟೆಲಿನಲ್ಲಿ ಎಂಟು ಮಂಚದ ಕೋಣೆಯಂತೆ, ಗೆಳತಿಯರು ಸಿಗುತ್ತಾರಂತೆ ಎಂದು ನಾನು ಕುಣಿದರೆ, "ಹೋಗ್ಲಿಕ್ಕೆ ಅಷ್ಟು ಖುಷಿಯಾ ನಿನಗೆ?" ಎಂದು ಮುಖ ಊದಿಸುತ್ತಿದ್ದಳು. ಹೋಗುವುದಿಲ್ಲ ಎಂದು ಅತ್ತರೆ, "ಹೋಗದೆ ಎಂತ ಮಾಡ್ತಿ, ಇಲ್ಲಿ ಕೂತು ಸುತ್ತುತ್ತೀಯಾ?" ಎಂದು ಬೈಯುತ್ತಿದ್ದಳು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ನಾನು ಕೊನೆಗೆ ಸುಮ್ಮನಿರುವುದನ್ನು ಕಲಿತೆ. ಹೊಸ ಬಟ್ಟೆಗಳನ್ನು ಅಮ್ಮ ನಮ್ಮ ಮನೆಯಲ್ಲಿ ಇಡಲೇ ಇಲ್ಲ. ನಮ್ಮ ಮನೆಯ ಹಾಸಿಗೆ, ಸೀರೆ, ತಲೆಕೂದಲು, ಎಲ್ಲದಕ್ಕೂ ಹೊಗೆಸೊಪ್ಪಿನ ವಾಸನೆ. ಮಗಳು ಆ ವಾಸನೆಯಲ್ಲಿ ಹೋಗಬಾರದು ಎಂದು ಲಂಗ, ಟವೆಲು, ಬೆಡ್‌ಶೀಟು ಎಲ್ಲ ಸ್ಕೂಲ್ ಟೀಚರ್ ಮನೆಯಲ್ಲಿ ಇಟ್ಟು, ಹೊರಡುವ ಬೆಳಿಗ್ಗೆ ಅಲ್ಲಿಂದಲೇ ಟ್ರಂಕಿಗೆ ತುಂಬಿಸಿದಳು. ಹೊರಡುವಾಗ ಅಜ್ಜಿ ನನ್ನ ತಲೆ ಸವರಿ ಒಂದು ಮಾತು ಹೇಳಿದಳು. ಅವಳು ಬೇಕೆಂದೇ ಹೇಳಿದ್ದಲ್ಲ, ದುಃಖದಲ್ಲಿ ಬಂದದ್ದು.

"ಇನ್ನು ನಿನ್ನ ಅಮ್ಮನಿಗೆ ಬಾಯಿ ಮಡಚಿ ಕೊಡ್ಲಿಕ್ಕೆ ಯಾರಿದ್ದಾರೆ ಮಗಾ?"

ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನಾನು ಉದ್ದಕ್ಕೂ ಯೋಚಿಸಿದ್ದು ಆ ಮಾತನ್ನೇ.

ಹಾಸ್ಟೆಲು ಕೆಟ್ಟದಿರಲಿಲ್ಲ, ಸುಳ್ಳು ಹೇಳಬಾರದು. ಬೆಳ್ತಿಗೆಯ ಬಿಳಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅಷ್ಟೇ. ನಮಗೆ ಕುಚ್ಚಿಲಕ್ಕಿ ಅನ್ನವೇ ಆಗಬೇಕು. ತಿಂಗಳ ಮೊದಲ ಭಾನುವಾರ ಅಮ್ಮ ಪುಂಡಿ ಬೇಯಿಸಿ, ಬಾಳೆಲೆಯಲ್ಲಿ ಸುತ್ತಿ ತರುತ್ತಿದ್ದಳು. ನಾನು ಅಕ್ಕಿಯ ಆ ಉಂಡೆಗಳನ್ನು ಗಬಗಬ ತಿನ್ನುವುದನ್ನು ನೋಡಿ, "ಇಲ್ಲಿ ಊಟ ಕೊಡ್ತಾರಾ ಇಲ್ವಾ?" ಎಂದು ಕೇಳುವಳು. ಕೊಡುತ್ತಾರೆ, ಚೆನ್ನಾಗಿದೆ ಎಂದರೆ, "ಹಾಗಾದರೆ ಇದು ಯಾಕೆ ನಿನಗೆ?" ಎನ್ನುವಳು. ಕಷ್ಟವಾಗಿದ್ದದ್ದು ಊಟವಲ್ಲ, ಸಂಜೆ. ಸಂಜೆ ಐದರ ನಂತರ ನನ್ನ ಕೈಗೆ ಕೆಲಸವಿರಲಿಲ್ಲ. ಬೇರೆ ಮಕ್ಕಳು ಲಗೋರಿ ಆಡುವಾಗ ನನ್ನ ಹೆಬ್ಬೆರಳು ತಾನಾಗಿ ಪುಸ್ತಕದ ಮೂಲೆಗಳನ್ನು ಒಳಕ್ಕೆ ಮಡಚುತ್ತಿತ್ತು. ಅಮ್ಮ ಈಗ ಒಬ್ಬಳೇ ಕೂತಿರುತ್ತಾಳೆ, ಬ್ರಾಂಚಿಗೆ ಹೊತ್ತಾಗಿರುತ್ತದೆ, ಗೆರಸೆ ಜರುಗಿಸಲು ಪಕ್ಕದಲ್ಲಿ ಯಾರೂ ಇಲ್ಲ. ಇದನ್ನೇ ಯೋಚಿಸಿ ಯೋಚಿಸಿ ಒಂದು ದಿನ ನನಗೆ ಒಂದು ಉಪಾಯ ಹೊಳೆಯಿತು.

ಹಾಸ್ಟೆಲಿನ ಅಂಗಳದಲ್ಲಿ ಒಂದು ಬಾದಾಮಿ ಮರವಿತ್ತು. ಅದರ ಒಣಗಿ ಕೆಂಪಾದ ಎಲೆಗಳನ್ನು ಹೆಕ್ಕಿ ಬಕೆಟಿನಲ್ಲಿ ನೆನೆಸಿದೆ, ಒದ್ದೆ ಟವೆಲಿನಲ್ಲಿ ಸುತ್ತಿಟ್ಟೆ. ಸ್ಕೇಲು ಇಟ್ಟು ಕ್ರಾಫ್ಟ್ ಕತ್ತರಿಯಲ್ಲಿ ಕತ್ತರಿಸಿದೆ. ಒಳಗೆ ಒಣ ಎಲೆಯ ಹುಡಿ. ಗುಂಡಿ ಹೊಲಿಯಲು ಅಮ್ಮ ಕೊಟ್ಟ ನೂಲು ಕಟ್ಟಲಿಕ್ಕೆ ಆಯಿತು. ಬೀಡಿ ಕಟ್ಟಲು ಗೊತ್ತಿಲ್ಲದಿದ್ದರೂ ಕಟ್ಟಿ ಕಟ್ಟಿ ಬಂತು. ಬಾಯಿಯಂತೂ ಮಡಚುವುದರಲ್ಲಿ ನಾನು ಮೆಷಿನ್ ಅಲ್ಲವೇ! ಎಂಟು ದಿನ ಕೂತು ಒಂದು ಇಡೀ ಕಟ್ಟು ಮಾಡಿ ದಿಂಬಿನಡಿ ಇಟ್ಟೆ. ಮುಂದಿನ ಭಾನುವಾರ ಅಮ್ಮನಿಗೆ ಕೊಡುವುದೆಂದು. ಅದು ನಿಜವಾದ ಬೀಡಿಯಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಮ್ಮ ಜಗಲಿಯಲ್ಲಿ ಬೆಳೆದ ಮಗುವಿಗೆ ಇನ್ನೊಂದು ವಿಷಯವೂ ಗೊತ್ತಿರುತ್ತದೆ. ಸ್ವಲ್ಪ ಕೆಟ್ಟ ಬೀಡಿಯನ್ನು ಕಟ್ಟಿನ ನಡುವಿನಲ್ಲಿ ಸೇರಿಸಿದರೆ ಬ್ರಾಂಚಿನಲ್ಲಿ ನೋಡುವವನಿಗೆ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಆ ಧೈರ್ಯದ ಮೇಲೆ ಮಾಡಿದ್ದು.

ದಿಂಬು ಎತ್ತಿದ್ದು ವಾರ್ಡನ್ ಮೇಡಂ. ಅಮ್ಮನಿಗೆ ಫೋನ್ ಹೋಯಿತು: ನಿಮ್ಮ ಮಗಳ ಹಾಸಿಗೆಯಲ್ಲಿ ಬೀಡಿ ಸಿಕ್ಕಿದೆ, ಕೂಡಲೇ ಬನ್ನಿ.

ಅಮ್ಮ ಮಧ್ಯಾಹ್ನದ ಮೇಲೆ ಬಂದಳು. ಉಟ್ಟ ಸೀರೆಯಲ್ಲೇ ಬಂದಿದ್ದಳು, ಸೆರಗಿನಲ್ಲಿ ಇನ್ನೂ ಎಲೆಯ ಚೂರು ಅಂಟಿತ್ತು. ಮೇಜಿನ ಮೇಲೆ ಪೇಪರ್ ಹಾಸಿ, ಅದರ ಮೇಲೆ ನನ್ನ ಕಟ್ಟನ್ನು ಸತ್ತ ಇಲಿಯ ಹಾಗೆ ಇಟ್ಟಿದ್ದರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ವಾರ್ಡನ್ ಮೇಡಂ ಶಿಸ್ತು, ಸಂಸ್ಕಾರ, ಬೇರೆ ಮಕ್ಕಳ ತಂದೆತಾಯಿ ಎಂದು ಏನೇನೋ ಹೇಳುತ್ತಿದ್ದರು. ಅಮ್ಮ ಕಟ್ಟನ್ನು ಕೈಗೆತ್ತಿಕೊಂಡಳು. ತಿರುಗಿಸಿದಳು. ಬೆರಳಿನಿಂದ ಸಾಲಾಗಿ ಬಾಯಿಗಳನ್ನು ಒತ್ತಿ ನೋಡಿದಳು.

"ಬಾಯಿ ಸರಿ ಕೂತಿದೆ," ಎಂದಳು. "ನೂಲು ಸಡಿಲ."

"ಅಮ್ಮಾ, ನಾನು ಎಂತ ಹೇಳ್ತಾ ಇದ್ದೇನೆ, ನೀವು ಎಂತ ನೋಡ್ತಾ ಇದ್ದೀರಿ?" ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

"ಅಲ್ಲ ಮೇಡಂ, ಇದು ಬೀಡಿ ಅಲ್ಲ."

"ಬೀಡಿ ಅಲ್ಲದೆ ಮತ್ತೆ? ಅಗರಬತ್ತಿಯಾ?"

ಅಮ್ಮ ಒಂದನ್ನು ಎಳೆದು ಬಿಚ್ಚಿ ಮೇಡಂ ಕೈಗೆ ಹುಡಿ ಸುರಿದಳು. ಮೇಡಂ ಹೆದರಿ ಹೆದರಿ ಮೂಸಿ ನೋಡಿದರು. ಬರೀ ಎಲೆ. ಅಮ್ಮ ತಲೆ ತಗ್ಗಿಸಿ ಹೇಳಿದಳು: "ನಾನು ಬೀಡಿ ಕಟ್ಟುವವಳು. ಇವಳು ಮನೆಯಲ್ಲಿ ಬಾಯಿ ಮಡಚ್ತಿದ್ದಳು. ಅದು ಬಿಡ್ಲಿ ಅಂತಲೇ ಇಲ್ಲಿ ಸೇರಿಸಿದ್ದು." ಮೇಡಂ ಕೂತರು. ಆಮೇಲೆ ಅವರು ಬೇರೆಯೇ ದನಿಯಲ್ಲಿ, ಒಳ್ಳೆಯ ಮನಸ್ಸಿನಿಂದಲೇ, ಹೇಳಿದರು:

"ಹುಡುಗಿ ಮನೆ ಬಿಟ್ಟೇ ಇಲ್ಲ. ಹೀಗೆ ಕೆಲವು ಮಕ್ಕಳು ಇರ್ತಾರೆ. ಒತ್ತಾಯ ಮಾಡ್ಬೇಡಿ. ಕರ್ಕೊಂಡು ಹೋಗುದಾದರೆ ಹೋಗಿ, ಆ ಸೀಟಿಗೆ ಕಾಯುವವರು ಇದ್ದಾರೆ. ನಾಳೆ ಹನ್ನೊಂದು ಗಂಟೆಯ ಒಳಗೆ ಹೇಳಿ ಸಾಕು."

ನಾವಿಬ್ಬರೂ ವರಾಂಡದ ಮೆಟ್ಟಿಲ ಮೇಲೆ ಕೂತೆವು. ಕಟ್ಟು ಅಮ್ಮನ ಮಡಿಲಲ್ಲಿತ್ತು.

"ಯಾರಿಗೆ ಇದು?"

"ನಿನಗೆ. ಬ್ರಾಂಚಿಗೆ ಕೊಡ್ಲಿಕ್ಕೆ. ನಡುವಿನಲ್ಲಿ ಇಟ್ಟರೆ ಗೊತ್ತಾಗುದಿಲ್ಲ."

ಅಮ್ಮನಿಗೆ ನಗು ಬಂತು. ನಗು ಮುಗಿಯುವ ಮೊದಲೇ ಅವಳ ಮುಖ ಒಂದು ಥರ ಆಯಿತು. ಕಟ್ಟನ್ನು ನನ್ನ ಕೈಯಲ್ಲಿಟ್ಟಳು.

"ಬಿಚ್ಚು."

"ಅಮ್ಮಾ, ಎಂಟು ದಿನ ಕೂತು..."

"ಬಿಚ್ಚು ಅಂದೆ. ಎಲ್ಲ ಬಿಚ್ಚು."

ನಾನು ಅಳುತ್ತಾ ಒಂದೊಂದೇ ಬಿಚ್ಚಿದೆ. ಅವಳೂ ಬಿಚ್ಚಿದಳು. ಮೆಟ್ಟಿಲ ತುಂಬ ಹುಡಿ, ನೂಲು. ಕೊನೆಯದು ಮುಗಿದಾಗ ನಾನು ಅವಳ ಸೆರಗು ಹಿಡಿದುಕೊಂಡೆ. "ನಾನು ಬರ್ತೇನೆ ಅಮ್ಮ. ಬೀಡಿ ಮುಟ್ಟುದಿಲ್ಲ, ದೇವರಾಣೆ. ಬರೀ ಪಕ್ಕದಲ್ಲಿ ಕೂತ್ಕೊಳ್ತೇನೆ." ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ನಾಳೆ ನೋಡುವ," ಎಂದು ಹೇಳಿ ಎದ್ದು ಹೋದಳು.

ನಾಳೆ ನೋಡುವ ಎಂದರೆ ನಾಳೆ ಬರುತ್ತಾಳೆ ಎಂದೇ ನಾನು ತಿಳಿದದ್ದು. ಬೆಳಿಗ್ಗೆ ಎದ್ದು ಟ್ರಂಕು ತುಂಬಿಸಿದೆ. ಚಪ್ಪಲಿಯನ್ನೂ ಪೇಪರಿನಲ್ಲಿ ಸುತ್ತಿಟ್ಟು, ಬರಿಗಾಲಲ್ಲಿ ಕ್ಲಾಸಿಗೆ ಹೋದೆ. ಮೊದಲ ಪೀರಿಯಡ್, ಎರಡನೇ ಪೀರಿಯಡ್. ಮೂರನೆಯದರಲ್ಲಿ ಮೇಡಂ ಬಾಗಿಲಿಗೆ ಬಂದು ನನ್ನನ್ನು ಕರೆದರು. ನಾನು ಬ್ಯಾಗು ಹಿಡಿದುಕೊಂಡೇ ಓಡಿದೆ.

"ನಿನ್ನ ಅಮ್ಮನ ಫೋನ್ ಬಂದಿತ್ತು," ಎಂದರು. "ನೀನು ಇಲ್ಲೇ ಇರ್ತೀಯಂತೆ."

ಬರಲೂ ಇಲ್ಲ, ಬರೀ ಫೋನ್! ದಸರಾ ರಜೆಗೆ ಮನೆಗೆ ಹೋದಾಗ ನಾನು ಜಗಲಿಯಲ್ಲಿ ಕೂರಲಿಲ್ಲ, ಅಮ್ಮನೊಡನೆ ನೆಟ್ಟಗೆ ಮಾತಾಡಲಿಲ್ಲ. ಅವಳು ಬಂಗುಡೆ ಮೀನಿನ ಸಾರು ಮಾಡಿ ಬಡಿಸಿದರೆ ತಲೆ ಎತ್ತದೆ ಉಂಡು ಎದ್ದೆ. ಅವಳು ಒಂದು ಮಾತೂ ವಿವರಿಸಲಿಲ್ಲ. ಆ ಹಾಸ್ಟೆಲಿನಲ್ಲಿ ಹತ್ತನೇ ಕ್ಲಾಸಿನವರೆಗೂ ಇದ್ದೆ. ಕುಂಟೆಬಿಲ್ಲೆ ಕಲಿತೆ, ಕನ್ನಡ ಪುಸ್ತಕ ಓದುವ ಹುಚ್ಚು ಹತ್ತಿಸಿಕೊಂಡೆ, ಜೀವಕ್ಕೆ ಜೀವ ಕೊಡುವ ಇಬ್ಬರು ಗೆಳತಿಯರಾದರು. ಆದರೆ ಯಾರ ಹತ್ತಿರವೂ ಏನನ್ನೂ ಕೇಳದ ಒಬ್ಬ ಹುಡುಗಿಯೂ ಆದೆ. ಜ್ವರ ಬಂದರೂ ಬನ್ನಿ ಎಂದು ಹೇಳುತ್ತಿರಲಿಲ್ಲ. ತಿಂಗಳ ಭಾನುವಾರ ಪುಂಡಿ ತಂದರೂ, ನಾನು ಕೇಳಿದ ದಿನ ಅಮ್ಮ ಬರುವುದಿಲ್ಲ ಎಂಬುದು ನನಗೆ ಹತ್ತು ವರ್ಷದಲ್ಲೇ ಗೊತ್ತಾಗಿದೆ ಎಂದು ನಂಬಿದ್ದೆ. ಈಗ ನನಗೆ ಇಪ್ಪತ್ತಾರು. ಕೆಲಸದಲ್ಲಿ, ಸ್ನೇಹದಲ್ಲಿ ಈ ಗುಣ ನನಗೆ ಎಷ್ಟು ಸಲ ಅಡ್ಡ ಬಂದಿದೆ ಎಂದು ಹೇಳಿ ಮುಗಿಯುವುದಿಲ್ಲ.

ಕಳೆದ ತಿಂಗಳು ಬೆಳ್ತಂಗಡಿಯಿಂದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ನಮ್ಮ ಮನೆಗೆ ಬಂದಿದ್ದಳು. ಅವಳ ಪುಳ್ಳಿಯನ್ನು ಮೂಡುಬಿದಿರೆಯ ಹಾಸ್ಟೆಲಿಗೆ ಸೇರಿಸುವ ಮಾತು ನಡೆದಿದೆ. ಅಡುಗೆಮನೆಯಲ್ಲಿ ಮೂವರೂ ಕೂತು ಚಹಾ ಕುಡಿಯುವಾಗ ನಾನು ಸುಮ್ಮನಿರಲಾರದೆ ಹೇಳಿದೆ:

"ಸೇರಿಸುದಾದರೆ ಸೇರಿಸಿ ದೊಡ್ಡಮ್ಮ. ಆದರೆ ಮಗು ಕರೆದಾಗ ಒಮ್ಮೆಯಾದರೂ ಹೋಗಿ. ನಮ್ಮ ಅಮ್ಮನ ಹಾಗೆ ಫೋನ್ ಮಾಡಿ ಮುಗಿಸ್ಬೇಡಿ."

ದೊಡ್ಡಮ್ಮ ಲೋಟ ಕೆಳಗಿಟ್ಟಳು. "ಯಮುನ, ನೀನು ಇವಳಿಗೆ ಇನ್ನೂ ಹೇಳ್ಲೇ ಇಲ್ವಾ?"

"ಬಿಡು ಅಕ್ಕ."

"ಎಂತ ಬಿಡುದು? ಇಷ್ಟು ವರ್ಷ ಮಗಳ ಬಾಯಲ್ಲಿ ಬೈಗುಳ ತಿನ್ಲಿಕ್ಕೆ ನಿನಗೆ ಹುಚ್ಚಾ?"

ಆಮೇಲೆ ದೊಡ್ಡಮ್ಮ ಹೇಳಿದ್ದು ಇದು. ಆ ಸಂಜೆ ಅಮ್ಮ ಹಾಸ್ಟೆಲಿನಿಂದ ಹೊರಟು, ಕಣ್ಣೀರಿನಲ್ಲಿ ಬೋರ್ಡು ನೋಡದೆ ಬೆಳ್ತಂಗಡಿ ಬಸ್ಸು ಹತ್ತಿದ್ದಳು. ವೇಣೂರು ದಾಟಿದ ಮೇಲೆ ಗೊತ್ತಾಯಿತು. ಇಳಿಯಲಿಲ್ಲ, ಸೀದಾ ಅಕ್ಕನ ಮನೆಗೆ ಹೋಗಿ ಅತ್ತಳು. ದೊಡ್ಡಮ್ಮ ಬೈದಳು: ಮಗು ಅಲ್ಲಿ ಅಳ್ತದೆ, ನೀನು ಇಲ್ಲಿ ಅಳ್ತಿ, ಇದು ಯಾರಿಗೆ ಒಳ್ಳೆಯದಾಗ್ಲಿಕ್ಕೆ? ಬೆಳಿಗ್ಗೆ ಇಬ್ಬರೂ ನನ್ನ ಬಟ್ಟೆ ತುಂಬಿಸಲು ಒಂದು ಖಾಲಿ ಚೀಲ ಹಿಡಿದು ಮೂಡುಬಿದಿರೆಗೆ ಬಂದರು. ಹತ್ತೂವರೆಗೆ ಶಾಲೆಯ ಗೇಟಿನಲ್ಲಿ ಇದ್ದರು. ನಾನು ಬರಿಗಾಲಲ್ಲಿ ಕ್ಲಾಸಿನಲ್ಲಿ ಕೂತಿದ್ದ ಹೊತ್ತು ಅದು.

"ವಾಚ್‌ಮ್ಯಾನ್ ಪುಸ್ತಕ ಕೊಟ್ಟ, ಬರೀರಿ ಅಂತ," ಎಂದಳು ದೊಡ್ಡಮ್ಮ. "ಹೆಸರು ಬರೆದಳು. ಊರು ಬರೆದಳು. ಸಂಬಂಧ ಅಂತ ಇತ್ತು, ತಾಯಿ ಅಂತ ಬರೆದಳು. ಮತ್ತೆ ಬಂದ ಕಾರಣ ಅಂತ ಒಂದು ಕಾಲಂ. ಅಲ್ಲಿ ಪೆನ್ನು ಇಟ್ಟವಳು ಇಟ್ಟೇ ಇದ್ದಾಳೆ ಮಾರಾಯ್ತಿ. ಅವನು, ಬೇಗ ಅಮ್ಮ, ಹಿಂದೆ ಜನ ಉಂಟು ಅಂತ ಬೊಬ್ಬೆ. ಇವಳು ಪೆನ್ನು ಅಲ್ಲೇ ಇಟ್ಟು ತಿರುಗಿ ನಡೆದಳು. ಎದುರಿನ ಅಂಗಡಿಯಿಂದ ಫೋನ್ ಮಾಡಿದ್ದು. ನಾನು ಚೀಲ ಹಿಡ್ಕೊಂಡು ಹಿಂದೆ ಓಡಿದ್ದು!"

ನಾನು ಅಮ್ಮನನ್ನು ನೋಡಿದೆ. ಅವಳು ಚಹಾದ ಪಾತ್ರೆ ಉಜ್ಜುತ್ತಿದ್ದಳು.

"ಯಾಕೆ ಬರೀಲಿಲ್ಲ ಅಮ್ಮ?"

"ಎಂತ ಬರೆಯುದು? ಮಗಳು ಇಲ್ಲದೆ ನನಗೆ ಆಗುದಿಲ್ಲ ಅಂತ ಬರೆಯುದಾ? ಅದು ನನ್ನ ಕಾರಣ. ನಿನ್ನದು ಎಂತ ಅಂತ ಹುಡುಕಿದೆ, ಸಿಕ್ಕಲಿಲ್ಲ."

"ನನಗೆ ಒಮ್ಮೆ ಹೇಳ್ಬಹುದಿತ್ತಲ್ಲ."

"ಹೇಳಿದ್ದರೆ ನೀನು ದಿನಾ ಆ ಗೇಟನ್ನೇ ನೋಡ್ತಾ ಕೂತಿರ್ತಿದ್ದಿ. ಬೈಯ್ಲಿ, ಓದ್ಲಿ ಅಂತ ಬಿಟ್ಟೆ." ಪಾತ್ರೆ ಕವುಚಿ ಹಾಕಿದಳು. "ಸರಿ ಮಾಡಿದೆನಾ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ ಮಗಾ. ಅಕ್ಕ ಕೇಳ್ತಾ ಇದ್ದಾಳೆ, ಪುಳ್ಳಿಯನ್ನು ಕಳಿಸುದಾ ಬೇಡ್ವಾ ಅಂತ. ನಾನು ಎಂತ ಹೇಳ್ಲಿ?"

ದೊಡ್ಡಮ್ಮನನ್ನು ಬಸ್ಸು ಹತ್ತಿಸಿ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ, ಇಷ್ಟು ವರ್ಷದಲ್ಲಿ ಮಾಡದ ಕೆಲಸ. ನನಗೆ ಎರಡು ದಿನದಿಂದ ತಲೆನೋವಿತ್ತು, ಎಂದಿನಂತೆ ಯಾರಿಗೂ ಹೇಳಿರಲಿಲ್ಲ. ಅಮ್ಮನ ಹತ್ತಿರ ಹೋಗಿ, ತಲೆಗೆ ಎಣ್ಣೆ ಹಾಕಿ ಕೊಡ್ತೀಯಾ ಅಮ್ಮ, ಎಂದು ಕೇಳಿದೆ. ಅವಳು ಕೈ ಒರೆಸಿಕೊಂಡು, "ಕೂತ್ಕೋ," ಎಂದಳು.

ಇದನ್ನು ಓದಿದವರಲ್ಲಿ ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಂದ ಅಪ್ಪ ಅಮ್ಮಂದಿರು ಇರುತ್ತೀರಿ. ಬಿಟ್ಟು ಬಂದ ಮೇಲೆ ಅರ್ಧ ದಾರಿಯಿಂದ ತಿರುಗಿ ಹೋದವರು, ಗೇಟಿನವರೆಗೆ ಹೋಗಿ ವಾಪಸ್ ಬಂದವರು, ಅದನ್ನು ಮಕ್ಕಳಿಗೆ ಇಂದಿಗೂ ಹೇಳದವರು ಖಂಡಿತ ಇರುತ್ತೀರಿ. ಆ ಕಾಲಂನಲ್ಲಿ ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ? ನನಗೆ ಬರೆದು ತಿಳಿಸಿ. ಅದಕ್ಕಿಂತ ಮೊದಲು, ಆಗುವುದಾದರೆ, ನಿಮ್ಮ ಮಗುವಿಗೆ ಹೇಳಿ.